ಮರದ ಟೆಲಿಫೋನಿಗೆ ತಲೆಯಾಡಿಸಿದವರು

ಕಳೆದ ತಿಂಗಳು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ತರುಣರೊಬ್ಬರು ನನ್ನನ್ನು ನೋಡಲು ಬಂದಿದ್ದರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಂತೆ. "ಸರ್, ಮೂವತ್ತರ ದಶಕದಲ್ಲಿ ಶಿರಸಿಯಲ್ಲಿ ನೀವು ಯಾವ ಪುಸ್ತಕ ಇಟ್ಟುಕೊಂಡು ಕಲಿಸುತ್ತಿದ್ದಿರಿ?" ಎಂದು ಕೇಳಿದರು. ನಾನು ಎದ್ದುಹೋಗಿ ಕಪಾಟಿನ ಮೇಲಿದ್ದ ಮರದ ಸಾಮಾನೊಂದನ್ನು ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ದೀಪದ ಕಂಬವೇ?" ಎಂದರು. ದೀಪದ ಕಂಬವಲ್ಲ, ಅದು ಟೆಲಿಫೋನು. ನನ್ನ ಪಠ್ಯಪುಸ್ತಕವೂ ಅದೇ.

ಅವರಿಗೆ ಅಂದು ಹೇಳಿದ್ದನ್ನು ಈಗ ಬರೆದಿಡುತ್ತಿದ್ದೇನೆ. ನಾನು ಯಾವ ವರ್ಷ ಹೆಡ್‌ಮಾಸ್ತರನಾದೆ, ಎಷ್ಟು ಸಲ ಬಡ್ತಿ ಬಂತು ಎನ್ನುವುದು ಪಿಂಚಣಿ ಕಚೇರಿಗೆ ಬೇಕಾದ ಸಂಗತಿ, ಅದು ಅಲ್ಲಿಯೇ ಇರಲಿ. ಈ ವೃತ್ತಿಗೆ ಹೊಸದಾಗಿ ಬರುವವರಿಗೆ ಬೇಕಾದದ್ದು ನಾನು ಎಲ್ಲೆಲ್ಲಿ ಎಡವಿದೆ ಎನ್ನುವುದು. ಅದಕ್ಕೇನೂ ಕಡಿಮೆಯಿಲ್ಲ.

ಮುಂಬಯಿಯ ಒಂದು ವ್ಯಾಪಾರಿ ಕಚೇರಿಯಲ್ಲಿ ಐದು ವರ್ಷ ಕಾರಕೂನಿಕೆ ಮಾಡಿ, ಆ ಕೆಲಸ ಬಿಟ್ಟು ನಾನು ಶಿರಸಿಗೆ ಬಂದೆ. ಊರಿನ ಕೆಲವು ಹಿರಿಯರು ಸೇರಿ ಒಂದು ಕಮರ್ಶಿಯಲ್ ಕ್ಲಾಸು ತೆರೆಯಬೇಕೆಂದಿದ್ದರು. ಆ ಕಮಿಟಿಯ ಮುಖ್ಯಸ್ಥರು ಅಡಿಕೆ ವಖಾರಿಯ ಸಾಹುಕಾರ ಚನ್ನಬಸಪ್ಪನವರು. ದಾಸನಕೊಪ್ಪದ ಕಡೆಯವರು, ದೊಡ್ಡ ಕುಳ. ಮಾತು ಕಡಿಮೆ, ಆಡಿದರೆ ಅದೇ ಕೊನೆ. ತಮ್ಮ ವಖಾರಿಯ ಮಾಳಿಗೆಯಲ್ಲಿ ಒಂದು ಕೋಣೆ ತೋರಿಸಿ ಅವರು ಹೇಳಿದ್ದು ಇಷ್ಟೇ:

"ಮಾಸ್ತರ್ರ, ಒಂದು ವರ್ಷ ನೋಡ್ತೀನಿ. ನಿಮ್ಮ ಹುಡುಗೊರೊಳಗ ಒಬ್ಬನರ ನನ್ನ ಅಂಗಡ್ಯಾಗ ಕೆಲಸಕ್ಕ ಬಂದ್ರ ಕ್ಲಾಸು ಇರಲಿ. ಬರಲಿಲ್ಲಂದ್ರ ಈ ಕೋಣ್ಯಾಗ ನಾ ಖಾಲಿ ಚೀಲ ತುಂಬಸ್ತೀನಿ."

ಹನ್ನೊಂದು ಹುಡುಗರು ಸೇರಿದರು. ಸಿದ್ದಾಪುರದಿಂದ, ಸೋಂದೆಯಿಂದ, ಯಲ್ಲಾಪುರದಿಂದ ಬಂದು ಪೇಟೆಯಲ್ಲಿ ನೆಂಟರ ಮನೆಯಲ್ಲೋ ಖಾನಾವಳಿಯಲ್ಲೋ ಇದ್ದು ಕಲಿಯುವವರು. ಈ ಕ್ಲಾಸು ಮುಚ್ಚಿದರೆ ಅವರು ಊರಿಗೆ ಮರಳಬೇಕು, ನಾನು ಮುಂಬಯಿಗೆ ಹೋಗಿ ಬಿಟ್ಟ ಕೆಲಸಕ್ಕಾಗಿ ಕೈಮುಗಿದು ನಿಲ್ಲಬೇಕು. ಆದರೂ ನನಗೆ ಆಗ ಹೆದರಿಕೆ ಇರಲಿಲ್ಲ. ಮುಂಬಯಿ ಕಂಡು ಬಂದವನೆಂಬ ಸೊಕ್ಕು ಇತ್ತು.

ಇಂಗ್ಲಿಷಿನ ಜೊತೆಗೆ ಮೊದಲು ಕಲಿಸಿದ್ದು ವ್ಯಾಪಾರದ ಪತ್ರ. ನಮ್ಮ ಹುಡುಗರು ಪತ್ರ ಬರೆದರೆ ಉಭಯ ಕುಶಲೋಪರಿ ಸಾಂಪ್ರತದಿಂದ ಶುರುವಾಗಿ, ಮನೆಯ ಹಿರಿಯರ ಆರೋಗ್ಯ, ದನಕರುಗಳ ಆರೋಗ್ಯ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ "ಮೆಣಸು ಕಳಿಸುವುದು" ಎಂದು ಬರುತ್ತಿತ್ತು. ನಾನು ಕೆಂಪು ಪೆನ್ಸಿಲು ಹಿಡಿದು ಕ್ಷೇಮಸಮಾಚಾರವನ್ನೆಲ್ಲ ಹೊಡೆದುಹಾಕಿದೆ. ವಿಷಯ ಮೊದಲ ಸಾಲಿಗೆ ಬರಬೇಕು, ನಾಲ್ಕು ಸಾಲಿನಲ್ಲಿ ಮುಗಿಯಬೇಕು ಎಂದೆ. ಹುಡುಗರು ಹಾಗೆಯೇ ಬರೆದರು. ಸಾಹುಕಾರರ ಪರವಾಗಿ ಹಾವೇರಿಯ ವ್ಯಾಪಾರಿಯೊಬ್ಬರಿಗೆ ಅಂಥದೊಂದು ಪತ್ರ ಹೋಯಿತು. ವಾರ ಕಳೆದು ಆ ಮುದುಕರ ಉತ್ತರ ಬಂತು, ಮೂರು ಪುಟ. ನನ್ನಿಂದ ಏನು ಅಪರಾಧವಾಯಿತು, ಇಪ್ಪತ್ತು ವರ್ಷದ ಸ್ನೇಹ ಹೀಗೆ ಕಡಿಯಬಹುದೇ ಎಂದು ಕೇಳಿದ್ದರು. ಅಂದಿನಿಂದ ಒಂದು ಸಾಲನ್ನು ಕುಶಲ ವಿಚಾರಿಸಲು ಬಿಟ್ಟುಕೊಟ್ಟೆ. ಮುಂಬಯಿಯಲ್ಲಿ ನಡೆಯುವುದು ಹಾವೇರಿಯಲ್ಲಿ ನಡೆಯಬೇಕೆಂದೇನೂ ಇಲ್ಲ ಎಂದು ನಾನು ಕಲಿತದ್ದು ಹೀಗೆ.

ಮೂರು ತಿಂಗಳಾದ ಮೇಲೆ ಸುಬ್ರಾಯನನ್ನು ಸಾಹುಕಾರರ ಅಂಗಡಿಗೆ ಕಳಿಸಿದೆ. ಸಿದ್ದಾಪುರ ಸೀಮೆಯ ಹುಡುಗ, ಕ್ಲಾಸಿಗೇ ಜಾಣ. ಅಕ್ಷರ ಮುತ್ತಿನ ಹಾಗೆ. ದೊಡ್ಡವರೆದುರು ಕಣ್ಣೆತ್ತಿ ನೋಡದಷ್ಟು ವಿನಯ. ಇವನನ್ನು ಯಾರು ಬೇಡವೆನ್ನುತ್ತಾರೆ ಎಂದುಕೊಂಡೆ.

ಒಂಬತ್ತನೆಯ ದಿನ ಸಾಹುಕಾರರು ಅವನನ್ನು ಮಾಳಿಗೆಗೆ ವಾಪಸು ಕಳಿಸಿದರು. ಹಿಂದೆಯೇ ಅವರೂ ಬಂದರು. ಬಾಗಿಲಲ್ಲಿ ನಿಂತು, "ಮಾಸ್ತರ್ರ, ಎರಡು ಕಡೆ ಮಾಲಿನ ಮಾದರಿ ಕಳಸಂದ್ರ, ರಾಶಿ ಕೇಳಿದವಗ ಬೆಟ್ಟೆ ಕಳಸ್ಯಾನ, ಬೆಟ್ಟೆ ಕೇಳಿದವಗ ರಾಶಿ ಕಳಸ್ಯಾನ. ಏನು ಕೇಳಿದ್ರೂ ಗೋಣು ಹಾಕ್ತಾನ. ಗೋಣು ಹಾಕಾವ್ರು ನನ್ನ ಹತ್ರ ಭಾಳ ಮಂದಿ ಅದಾರ್ರೀ," ಎಂದು ಹೇಳಿ ಇಳಿದುಹೋದರು.

ರಾಶಿ, ಬೆಟ್ಟೆ, ಚಾಲಿ ಎಂದರೆ ಬೇರೆ ಬೇರೆ ತರದ ಅಡಿಕೆ, ದರವೂ ಬೇರೆ. ನಾನು ಸುಬ್ರಾಯನನ್ನು ಕೂರಿಸಿ ಕೇಳಿದೆ. ಸಾಹುಕಾರರು ಯಾವುದು ಯಾರಿಗೆ ಎಂದು ಹೇಳಿದ್ದು ನಿನಗೆ ತಿಳಿದಿತ್ತೇ?

"ಇಲ್ಲೆ," ಎಂದ.

"ಮತ್ತೆ ಕೇಳುಲೆ ಎಂತ ಆಗಿತ್ತು ನಿಂಗೆ?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ದೊಡ್ಡವು ಹೇಳಕಾರೆ ಎಂಗೆ ಗೊತ್ತಾಜಿಲ್ಲೆ ಹೇಳುಲೆ ಆಗ್ತ? ಅವ್ಕೆ ಹೇಳುಲೆ ಬತ್ತಿಲ್ಲೆ ಅಂದಂಗೆ ಆತು ಅದು. ಆನು ಎಂತ ಮಾಡವು?"

ಹಿರಿಯರೆದುರು ತಿಳಿಯಲಿಲ್ಲ ಎಂದರೆ ಅವರಿಗೆ ಹೇಳಲು ಬರುವುದಿಲ್ಲ ಎಂದ ಹಾಗೆ ಎನ್ನುವುದು ಅವನ ಲೆಕ್ಕ. ದಿನವೂ ಪಾಠ ಮುಗಿಸಿ "ತಿಳಿಯಿತೇ?" ಎಂದು ನಾನು ಕೇಳುತ್ತಿದ್ದೆ. ಹನ್ನೊಂದು ತಲೆಗಳು ಒಟ್ಟಿಗೆ ಆಡುತ್ತಿದ್ದವು, ನಾನು ಖುಷಿಯಿಂದ ಮನೆಗೆ ಹೋಗುತ್ತಿದ್ದೆ. ಅವರ ಮನೆಯಲ್ಲಿ ಅಪ್ಪ ಹೇಳಿದ್ದಕ್ಕೆ ತಲೆಯಾಡಿಸುವುದು ಮರ್ಯಾದೆ. ಮಠದಲ್ಲಿ, ಮದುವೆಮನೆಯಲ್ಲಿ ಎಲ್ಲ ಕಡೆ ಅದೇ ಮರ್ಯಾದೆ. ಕೆಲಸದ ಜಾಗದಲ್ಲಿ ಮಾತ್ರ ಅದು ಸುಳ್ಳಾಗುತ್ತದೆ. ಇದನ್ನು ಹೇಳಿಕೊಡಬೇಕಾದವನು ನಾನು, ನಾನೇ ಆ ತಲೆಗಳನ್ನು ನಂಬಿಕೊಂಡು ಕೂತಿದ್ದೆ. ನಾಚಿಕೆಯಾಯಿತು. ಸುಬ್ರಾಯನ ಕೈಹಿಡಿದು "ತಪ್ಪು ನಂದು ಮಾರಾಯಾ" ಎಂದೆ. ಅದಕ್ಕೂ ಅವನು ತಲೆಯಾಡಿಸಿದ.

ಟೆಲಿಫೋನಿನ ಯೋಚನೆ ಬಂದದ್ದು ಆಗ. ಮುಂಬಯಿಯ ಕಚೇರಿಯಲ್ಲಿ ನಾನು ಟೆಲಿಫೋನು ಬಳಸಿದ್ದೆ. ಹುಡುಗರಲ್ಲಿ ಯಾರೂ ಅದನ್ನು ಕಂಡವರಲ್ಲ. ನನ್ನ ಪರಿಚಯದ ಗುಡಿಗಾರರೊಬ್ಬರಿಗೆ ಚಿತ್ರ ಬರೆದು ತೋರಿಸಿ, ಮರದಲ್ಲಿ ಎರಡು ಮಾಡಿಕೊಡಿ ಎಂದೆ. ಗಂಧದ ಕೆತ್ತನೆಯ ಕೈ ಅದು, ಸುಮ್ಮನೆ ಬೋಳು ಕಂಬ ಮಾಡಿಕೊಡಲು ಅವರಿಗೆ ಮನಸ್ಸಾಗಲಿಲ್ಲ. ಮಾತಾಡುವ ಬಾಯಿಯ ಸುತ್ತ ಒಂದು ಬಳ್ಳಿ, ಕಿವಿಗೆ ಹಿಡಿಯುವ ತುಂಡಿನ ಮೇಲೆ ಒಂದು ಗಿಳಿ ಕೆತ್ತಿ ತಂದರು. ಲೋಕದಲ್ಲಿ ಗಿಳಿಯಿದ್ದ ಟೆಲಿಫೋನು ಅವೆರಡೇ ಇರಬೇಕು.

ಕೋಣೆಯ ನಡುವೆ ಒಂದು ಜಮಖಾನ ಇಳಿಬಿಟ್ಟು, ಆ ಕಡೆ ನಾನು, ಈ ಕಡೆ ಒಬ್ಬ ಹುಡುಗ. ನಾನು ಮುಂಬಯಿಯ ಸೇಠ, ಅವನು ಶಿರಸಿಯ ಗುಮಾಸ್ತ. ಮೊದಲ ದಿನ ಸುಬ್ರಾಯ ಬಂದ. ಟೆಲಿಫೋನು ಕಂಡೊಡನೆ ಚಪ್ಪಲಿ ಬಿಟ್ಟ. "ಹತ್ತು ಚೀಲ ಮೆಣಸು, ಶುಕ್ರವಾರದೊಳಗೆ ಕಳಿಸಬೇಕು, ತಿಳಿಯಿತೇ?" ಎಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಉತ್ತರವಿಲ್ಲ. ಜಮಖಾನ ಸರಿಸಿ ನೋಡಿದರೆ ಅವನು ಎದ್ದು ನಿಂತು, ಗಿಳಿಯನ್ನು ಕಿವಿಗೆ ಒತ್ತಿ ಹಿಡಿದು ಬಹಳ ಭಕ್ತಿಯಿಂದ ತಲೆಯಾಡಿಸುತ್ತಿದ್ದ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಬ್ಬೊಬ್ಬರನ್ನೇ ಕರೆದೆ. ನಕ್ಕ ಹತ್ತು ಜನರಲ್ಲಿ ಒಂಬತ್ತು ಜನ ಅದನ್ನೇ ಮಾಡಿದರು.

ಆ ದಿನದಿಂದ ಎರಡು ನಿಯಮ ಬಂದವು. ಹೇಳಿದ್ದನ್ನು ತಿರುಗಿ ಹೇಳಿ ಒಪ್ಪಿಸಬೇಕು. ತಿಳಿಯದಿದ್ದರೆ "ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಬಾಯಿಬಿಟ್ಟು ಹೇಳಬೇಕು. ಸಾಲದೆಂದು ಶನಿವಾರಕ್ಕೆ ಒಂದು ಸುಳ್ಳು ಪಾಠವನ್ನೂ ಇಟ್ಟೆ. ಪಾಠದ ನಡುವೆ ಎಲ್ಲಾದರೂ ಒಂದು ತಪ್ಪು ಹೇಳುತ್ತೇನೆ, ನೀವು ತಡೆದು ನಿಲ್ಲಿಸಬೇಕು ಎಂದು ಮೊದಲೇ ತಿಳಿಸಿದ್ದೆ. ಆದರೂ ಮೂರು ಶನಿವಾರ ಯಾರೂ ತಡೆಯಲಿಲ್ಲ. ನಾಲ್ಕನೆಯ ಶನಿವಾರ, ಶಿರಸಿಯಿಂದ ಕುಮಟಾಕ್ಕೆ ಹೋಗುವ ಮಾಲು ಹಾನಗಲ್ಲಿನ ಮೇಲೆ ಹೋಗುತ್ತದೆ ಎಂದು ನಾನು ಹೇಳಿದರೆ, ಹುಟ್ಟಿದಾರಭ್ಯ ಕುಮಟಾದ ದಾರಿ ಕಂಡ ಮಕ್ಕಳು ಅದನ್ನೂ ಬರೆದುಕೊಳ್ಳಲು ಶುರುಮಾಡಿದರು.

ಆಗ ಹಿಂದಿನ ಬೆಂಚಿನಿಂದ ಗಫೂರ ಎದ್ದ. ಟೆಲಿಫೋನಿಗೆ ತಲೆಯಾಡಿಸದೆ ಮಾತಾಡಿದ ಹತ್ತನೆಯವನು ಅವನೇ. ಯಲ್ಲಾಪುರದವನು. ತಂದೆಗೆ ಮೊದಲು ಎತ್ತಿನ ಗಾಡಿಗಳಿದ್ದವು, ಈಗ ಒಂದು ಮೋಟಾರು ಲಾರಿ. ಕೈ ಕಟ್ಟಿಕೊಂಡು, ನಡುಗುವ ದನಿಯಲ್ಲಿ, "ಮಾಸ್ತರ್, ಸಿಟ್ಟಾಗಬೇಡಿ. ಕುಮಟಾ ಗಾಡಿ ಹಾನಗಲ್ ಕಡೆ ಹೋಗೂದಿಲ್ಲ. ಅದು ಪೂರ್ವಕ್ಕೆ, ಇದು ಪಶ್ಚಿಮಕ್ಕೆ. ನೀವು ಹೇಳಿದ್ದು ತಪ್ಪು," ಎಂದ.

ನನಗೆ ಆದ ಆನಂದ ಹೇಳತೀರದು. "ಶಾಭಾಸ್" ಎಂದು ಮೇಜು ಬಡಿದೆ. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ನಿಂತಿದ್ದರು. ವಿದ್ಯಾರ್ಥಿ ಮಾಸ್ತರನಿಗೆ ತಪ್ಪು ಎನ್ನುತ್ತಾನೆ, ಮಾಸ್ತರ ಮೇಜು ಬಡಿದು ಕುಣಿಯುತ್ತಾನೆ, ಮೂಲೆಯಲ್ಲಿ ಗಿಳಿಯ ಆಟಿಕೆ. ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ಮೂಗು ಮುರಿದರು. ತಪಾಸಣೆಯ ಪುಸ್ತಕದಲ್ಲಿ "ಶಿಸ್ತು ಇಲ್ಲ, ಅಧ್ಯಾಪಕರ ಭೂಗೋಳ ಜ್ಞಾನ ಸಾಲದು" ಎಂದು ಬರೆದುಹೋದರು. ಅದು ಸಾಹುಕಾರರ ಕಿವಿಗೂ ಬಿತ್ತು.

ದಿನಗಳು ಸರಿದು, ಮಳೆಗಾಲ ಹಿಡಿಯಲು ಒಂದು ತಿಂಗಳು ಉಳಿಯಿತು. ನನ್ನ ವರ್ಷವೂ ಅದೇ ತಿಂಗಳಿಗೆ ಮುಗಿಯುತ್ತಿತ್ತು. ಸಾಹುಕಾರರು, "ಇನ್ನೊಬ್ಬನ್ನ ಕಳಸ್ರಿ. ಇವನೇ ಕಡೀಯವ," ಎಂದರು. ಗಫೂರನನ್ನು ಕಳಿಸಿದೆ.

ಆ ಅಂಗಡಿಯ ರೀತಿಯನ್ನು ಇಲ್ಲಿ ಹೇಳಬೇಕು. ಊರಿನಲ್ಲಿ ಆಗಲೇ ಕೆಲವು ಕಡೆ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವ ಹೊಸ ಪದ್ಧತಿ ಬಂದಿತ್ತು. ಚನ್ನಬಸಪ್ಪನವರು ಮಾತ್ರ ಹಳೆಯ ಹಾಗೆ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುವವರು. ಮುನೀಮ ಶ್ರೀಪಾದರಾಯರು ಅವರ ಬಲಗೈ. ಮೂವತ್ತು ವರ್ಷದಿಂದ ಅಂಗಡಿಯ ಪತ್ರವ್ಯವಹಾರ ಬಹುತೇಕ ಅವರದೇ. ಮತ್ತೊಂದು ಕಟ್ಟಳೆ ಇತ್ತು. ಬೆಳಿಗ್ಗೆ ಬೋಣಿಗೆ, ಅಂದರೆ ಆ ದಿನದ ಮೊದಲ ವ್ಯಾಪಾರ, ಆಗುವ ತನಕ ಅಂಗಡಿಯಲ್ಲಿ ಯಾರ ಬಾಯಲ್ಲೂ ಅಡ್ಡಮಾತು ಬರಕೂಡದು. ಇಲ್ಲ, ಬೇಡ, ಆಗದು ಎನ್ನಕೂಡದು. ಹಮಾಲರಿಗೂ ಅದು ಗೊತ್ತು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಲಾರಿ ನಿಂತಿತ್ತು. ಹಾವೇರಿ ಸ್ಟೇಶನ್ನಿನ ಮೂಲಕ ಮುಂಬಯಿಗೆ ಹೋಗುವ, ಮಳೆಗಾಲಕ್ಕೆ ಮುಂಚಿನ ಕೊನೆಯ ಮಾಲು. ಸಾಹುಕಾರರು ಗಾದಿಯ ಮೇಲೆ ಕೂರುತ್ತಲೇ, "ಮುಂಬಯಿ ಸೇಠಗ ನಲವತ್ತು ಚೀಲ ರಾಶಿ ಹೇರಸು," ಎಂದು ಗಫೂರನಿಗೆ ಹೇಳಿದರು. ಮುನೀಮರು ತಲೆಯಾಡಿಸಿದರು. ಗಫೂರ ಮಾತ್ರ ನಿಂತಲ್ಲೇ ನಿಂತ.

"ಸಾವ್ಕಾರ್ರೆ, ತಿಳೀಲಿಲ್ಲ. ಇನ್ನೊಮ್ಮೆ ಹೇಳಿ. ಸೇಠರ ಕಾಗದದಲ್ಲಿ ಈ ಸಲ ರಾಶಿ ಬೇಡ, ಚಾಲಿ ಕಳಿಸಿ ಅಂತ ಇದೆ. ಫಾಯಿಲಿಗೆ ಹಾಕುವಾಗ ಓದಿದ್ದೆ."

ಬೋಣಿಗೆಗೆ ಮುಂಚೆ ಒಂದೇ ಉಸಿರಿನಲ್ಲಿ ತಿಳೀಲಿಲ್ಲ, ಬೇಡ ಎರಡೂ ಬಂದಿದ್ದವು. ಹಮಾಲರು ತಿರುಗಿ ನೋಡಿದರಂತೆ. ಸಾಹುಕಾರರು ಮುನೀಮರ ಮುಖ ನೋಡಿದರು. "ಪ್ರತಿ ವರ್ಷದ ಹಾಗೆ ರಾಶಿಯೇ," ಎಂದರು ಮುನೀಮರು. ಸಾಹುಕಾರರು ಬಾಗಿಲಿನ ಕಡೆ ಬೆರಳು ತೋರಿಸಿದರು.

ಗಫೂರ ಮೆಟ್ಟಿಲು ಹತ್ತಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ನಡೆದದ್ದನ್ನೆಲ್ಲ ಹೇಳಿ, "ಮಾಸ್ತರ್, ನೀವು ಕಲಿಸಿದ ಹಾಗೇ ಹೇಳಿದೆ. ಹೊರಗೆ ಹಾಕಿದ್ರು," ಎಂದ. ಅವನ ಕಣ್ಣು ತುಂಬಿತ್ತು. ಒಂದು ಮಾತು ನಾಲಿಗೆಯ ತುದಿಗೆ ಬಂತು: ಹೋಗು, ಕಾಲಿಗೆ ಬಿದ್ದು ತಪ್ಪಾಯಿತೆನ್ನು. ಹಾಗೆಂದಿದ್ದರೆ ಬಹುಶಃ ಕೋಣೆ ಉಳಿಯುತ್ತಿತ್ತು. ಹೇಳಲು ಬಾಯಿ ತೆರೆದೆ ಕೂಡ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಸುಬ್ರಾಯ ನನ್ನನ್ನೇ ನೋಡುತ್ತಿರುವುದು ಕಂಡಿತು. ತಪ್ಪು ನನ್ನದು ಎಂದು ಯಾರ ಕೈ ಹಿಡಿದಿದ್ದೆನೋ ಅವನು.

"ನಡಿ," ಎಂದು ಗಫೂರನನ್ನು ಕರೆದುಕೊಂಡು ಇಳಿದೆ.

ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಸುಮ್ಮನೆ ಕೂತೆವು. ಚೀಲಗಳು ಲಾರಿಗೆ ಏರುತ್ತಿದ್ದವು. ಗಫೂರ ಚಡಪಡಿಸಿದ. "ಬೋಣಿಗೆ ಆಗಲಿ," ಎಂದೆ. ಸರಿಯಾದ ಮಾತಿಗೂ ಹೊತ್ತು ನೋಡಬೇಕೆಂದು ಅವನಿಗೆ ನಾನು ಕಲಿಸಿರಲಿಲ್ಲ, ಅದು ನನ್ನದೇ ಕೊರತೆ. ಹೆಂಗಸೊಬ್ಬಳು ಬಂದು ಪಾವು ಮೆಣಸು ಒಯ್ದಳು. ಬೋಣಿಗೆಯಾಯಿತು. ಆಗ ಎದ್ದು ಹೇಳಿದೆ:

"ಸಾಹುಕಾರರೆ, ನನ್ನನ್ನೂ ನಂಬಬೇಡಿ, ಈ ಹುಡುಗನನ್ನೂ ನಂಬಬೇಡಿ. ಆ ಕಾಗದವನ್ನು ನಿಮಗೆ ಬೇಕಾದವರ ಕೈಲಿ ಓದಿಸಿ. ಅದರಲ್ಲಿ ರಾಶಿ ಎಂದಿದ್ದರೆ ನಾಳೆಯೇ ಕೋಣೆ ಬಿಡುತ್ತೇನೆ."

ಅವರು ಕಾಗದದ ಫಾಯಿಲು ತರಿಸಿದರು. ಆಮೇಲೆ ಎದುರು ಮನೆಯ ವಕೀಲರನ್ನು ಕರೆಸಿದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ವಕೀಲರು ಕನ್ನಡಕ ಹಾಕಿಕೊಂಡು ಓದಿ, "ಚಾಲಿ ನಲವತ್ತು ಚೀಲ. ರಾಶಿ ಈ ಸಲ ಬೇಡ ಅಂತ ಸ್ಪಷ್ಟ ಬರೆದಿದ್ದಾರೆ," ಎಂದರು.

ಶ್ರೀಪಾದರಾಯರು ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಸಾವ್ಕಾರ್ರೆ, ಮೋಡಿ ಲಿಪಿ ಓದ್ತೇನೆ, ಮರಾಠಿ ಓದ್ತೇನೆ. ಈ ಟೈಪಿನ ಇಂಗ್ಲಿಷು ನನಗೆ ಬರೂದಿಲ್ಲ. ಸೇಠರ ಕಾಗದ ಇಂಗ್ಲಿಷಿಗೆ ತಿರುಗಿದ ಮೇಲೆ ಎರಡು ವರ್ಷದಿಂದ ಅಂದಾಜಿನ ಮೇಲೆ ಹೇಳ್ತಾ ಬಂದೆ. ಈ ವಯಸ್ಸಿನಲ್ಲಿ ಗೊತ್ತಿಲ್ಲ ಅಂತ ಹೇಗೆ ಹೇಳಲಿ?" ಎಂದರು.

ನನಗೆ ಗೆದ್ದ ಸಂತೋಷಕ್ಕಿಂತ ಆ ಹಿರಿಯರನ್ನು ನೋಡಿ ಹೆಚ್ಚು ಸಂಕಟವಾಯಿತು. ಸುಬ್ರಾಯ ಹೇಳಿದ ಮಾತನ್ನೇ ಅವರೂ ಹೇಳಿದ್ದರು. ಸಾಹುಕಾರರು ಲಾರಿಯ ಕಡೆ ತಿರುಗಿದರು. "ಚೀಲ ಇಳಸ್ರಿ. ಚಾಲಿ ಹೇರ್ರಿ," ಎಂದಷ್ಟೇ ಹಮಾಲರಿಗೆ ಹೇಳಿ ಒಳಗೆ ಹೋದರು.

ಮೂರು ದಿನ ಅವರಿಂದ ಸುದ್ದಿಯಿಲ್ಲ. ನಾಲ್ಕನೆಯ ದಿನ ನಾವು ಬರುವಾಗ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಖಾಲಿ ಚೀಲದ ಕಟ್ಟುಗಳು ಬಂದು ಬಿದ್ದಿದ್ದವು. ಅವನ್ನು ದಾಟಿ ಮೇಲೆ ಹೋದೆವು. ದೊಡ್ಡ ಮನುಷ್ಯರಿಗೆ ಹತ್ತು ಜನರೆದುರು ಸರಿ ಹೇಳಿದರೆ ಹೀಗೇ ಆಗುತ್ತದೆ ಎಂದುಕೊಂಡು, ಹುಡುಗರಿಗೆ ಕೊನೆಯ ಪಾಠವೆಂದು ಏನು ಹೇಳಲಿ ಎಂದು ಯೋಚಿಸುತ್ತ ನಿಂತೆ.

ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಸಾಹುಕಾರರು ಬಂದರು, ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದ ಮುನೀಮರು. ಹುಡುಗರು ಎದ್ದು ನಿಂತರು. ಸಾಹುಕಾರರು ಕೋಣೆಯನ್ನೆಲ್ಲ ಒಂದು ಸಲ ನೋಡಿ, ಮೂಲೆಯ ಮರದ ಸಾಮಾನಿನ ಕಡೆ ಕೈ ಮಾಡಿ, "ಇದನ್ನ ಹ್ಯಾಂಗ ಹಿಡೀಬೇಕೋ ತಮ್ಮಾ?" ಎಂದು ಗಫೂರನನ್ನು ಕೇಳಿದರು. ಅವನು ತೋರಿಸಿದ. ಜಮಖಾನದ ಆಚೆ ಬೆಂಚಿನ ಮೇಲೆ ಅವರು ಕೂತರು. ಈಚೆ ನಾನು ಇನ್ನೊಂದನ್ನು ಕಿವಿಗಿಟ್ಟುಕೊಂಡೆ.

"ಹಲೋ, ಮಾಸ್ತರ್ರ," ಎಂದಿತು ಆ ಕಡೆಯ ದನಿ. "ಅವತ್ತು ನೀವು ಕಲಿಸೂದೇನು ಅಂತ ನನಗ ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ."

ನಲವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ, ಹುಡುಗರೆದುರು ಆ ಮಾತು ಆಡಿದರು. ಅವರೇ ಮುಂದುವರಿಸಿದರು. "ಹೋಗ್ಲಿ, ಹೇಳಬ್ಯಾಡ್ರಿ, ಈಗ ತಿಳೀತು. ಗಫೂರ ನನ್ನ ಅಂಗಡ್ಯಾಗ ಇರ್ತಾನ. ಆ ಸುಬ್ರಾಯನೂ ಬರಲಿ, ಈ ಸಲ ಬಾಯಿ ತಗೊಂಡು ಬರಲಿ. ಕೆಳಗಿನ ಚೀಲ ಹಿತ್ತಲ ಮನಿಗೆ ಹೋಗತಾವ, ಇಲ್ಲಿಗಲ್ಲ. ನಮ್ಮ ರಾಯರು ಇಂಗ್ಲೀಷ್ ಕಲೀತೀನಿ ಅಂತಾರ. ಮುಂದಿನ ವರ್ಷ ಕ್ಲಾಸಿನ್ಯಾಗ ಹನ್ನೆರಡನೇದವರಾಗಿ ಅವರನ್ನ ಸೇರಿಸ್ಕೋತೀರೇನು?"

ಉತ್ತರಕ್ಕಾಗಿ ಅವರು ಕಾದರು. "ಹಲೋ, ಕೇಳಸ್ತೈತೇನ್ರಿ?" ಎಂದು ಮತ್ತೆ ಕೂಗಿದರು.

ಜಮಖಾನದ ಪಕ್ಕದಿಂದ ಗಫೂರ ಇಣುಕಿ ನನ್ನನ್ನು ನೋಡಿದ. ಅವನ ಮುಖದ ತುಂಬ ನಗು.

"ಮಾಸ್ತರ್," ಎಂದ, "ತಲೆ ಆಡಿಸಿದ್ರೆ ಅವರಿಗೆ ಕಾಣೂದಿಲ್ಲ. ಬಾಯಿ ಬಿಟ್ಟು ಹೇಳಿ."